ಮೊಮ್ಮಗಳ ಪ್ಯಾಸೇಜು, ತಾತನ ಗಡಿಯಾರ

ಮಕ್ಕಳೇ, ಈ ವಯಸ್ಸಿನಲ್ಲಿ ನನಗೊಂದು ಹೊಸ ನೌಕರಿ ಸಿಕ್ಕಿದೆ. ಸಂಬಳವಿಲ್ಲ, ಸಂಜೆ ಒಂದು ಲೋಟ ಕಾಫಿ ಮಾತ್ರ. ಮೊಮ್ಮಗಳು ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಇಂಗ್ಲಿಷ್ ಪ್ಯಾಸೇಜು ಓದಿ ಉತ್ತರ ಗುರುತು ಹಾಕುವಾಗ ನಾನು ಗಡಿಯಾರ ನೋಡುತ್ತಾ ಕೂರಬೇಕು.

ಕ್ಯಾಟ್ ಎಂದರೆ ಬನ್ನೇರುಘಟ್ಟ ರಸ್ತೆಯಲ್ಲಿರುವ ನಮ್ಮ ಐಐಎಂನಂಥ ಸಂಸ್ಥೆಗಳಲ್ಲಿ ಎಂಬಿಎ ಓದಲು ಬರೆಯುವ ಪ್ರವೇಶ ಪರೀಕ್ಷೆ. ಮೂರು ಭಾಗ, ಒಂದೊಂದಕ್ಕೂ 40 ನಿಮಿಷ. ಇತ್ತೀಚಿನ ವರ್ಷಗಳಲ್ಲಿ ಇಂಗ್ಲಿಷ್ ಭಾಗಕ್ಕೆ 24 ಪ್ರಶ್ನೆ. ಅದರಲ್ಲಿ 16 ಪ್ರಶ್ನೆ ನಾಲ್ಕು ಪ್ಯಾಸೇಜುಗಳ ಮೇಲೆಯೇ ಇರುತ್ತವೆ. ಸರಿ ಉತ್ತರಕ್ಕೆ 3 ಅಂಕ, ತಪ್ಪಾದರೆ 1 ಅಂಕ ಕಡಿತ.

ಕಳೆದ ತಿಂಗಳು ಒಂದು ಸಂಜೆ 16ರಲ್ಲಿ 7 ಸರಿ, 9 ತಪ್ಪು. 21ರಲ್ಲಿ 9 ಕಳೆದರೆ 12. ಅದೂ 48ಕ್ಕೆ. ಅವಳ ಕಣ್ಣು ತುಂಬಿ ಬಂತು.

“ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ತಾತ. ಕಾನ್ವೆಂಟಿನಲ್ಲಿ ಓದಿದವರ ಮುಂದೆ ನನ್ನ ಇಂಗ್ಲಿಷ್ ಎಲ್ಲಿ ನಿಲ್ಲುತ್ತೆ? ಈ ಪರೀಕ್ಷೆಯೇ ಬೇಡ ಬಿಡಿ,” ಎಂದಳು.

“ಬಿಡೋಣಂತೆ. ಮೊದಲು ಲೆಕ್ಕ ನೋಡೋಣ,” ಎಂದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದು, ಒಂಬತ್ತು ತಪ್ಪಿಗೂ ಕಾರಣ ಹುಡುಕಿದೆವು. ಪದದ ಅರ್ಥ ಗೊತ್ತಿಲ್ಲದೆ ಆದ ತಪ್ಪು ಎರಡೇ ಎರಡು. ಪ್ರಶ್ನೆಯನ್ನೇ ಸರಿಯಾಗಿ ಓದದೆ ಆದದ್ದು ಮೂರು. ‘ಲೇಖಕರು ಯಾವುದನ್ನು ಒಪ್ಪುವುದಿಲ್ಲ’ ಎಂದು ಕೇಳಿದ್ದರೆ, ಇವಳು ಒಪ್ಪುವುದನ್ನು ಗುರುತು ಹಾಕಿದ್ದಳು. ಉಳಿದ ನಾಲ್ಕರಲ್ಲಿ ಪ್ಯಾಸೇಜಿನಲ್ಲಿ ಇಲ್ಲದ್ದನ್ನು ತನಗೆ ಗೊತ್ತಿದ್ದ ವಿಷಯದಿಂದ ಸೇರಿಸಿಕೊಂಡಿದ್ದಳು. ಅಂದರೆ ಒಂಬತ್ತರಲ್ಲಿ ಏಳು ತಪ್ಪು ಇಂಗ್ಲಿಷಿನದ್ದಲ್ಲ, ಅವಸರದ್ದು.

ಆಗ ನಾನು ಮನೆಯಲ್ಲಿ ಯಾರಿಗೂ ಹೇಳಿರದ ಒಂದು ಮಾತು ಹೇಳಿದೆ. ಬ್ಯಾಂಕಿಗೆ ಸೇರಿದ ಹೊಸತು. ತಂದೆ, ಮಗ ಇಬ್ಬರ ಹೆಸರಿನಲ್ಲಿದ್ದ ಠೇವಣಿಯ ಅವಧಿ ಮುಗಿದಾಗ ಹಣ ಪಡೆಯಲು ಮಗ ಬಂದ. ಜಂಟಿ ಖಾತೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಐದರ್ ಆರ್ ಸರ್ವೈವರ್’, ಅಂದರೆ ಇಬ್ಬರಲ್ಲಿ ಯಾರು ಬಂದರೂ ಹಣ ಕೊಡಬಹುದು. ಇದೂ ಅದೇ ಎಂದುಕೊಂಡು ವೋಚರ್ ಬರೆದೆ. ಕಾಗದದ ಮೇಲೆ ಇದ್ದದ್ದು ‘ಫಾರ್ಮರ್ ಆರ್ ಸರ್ವೈವರ್’. ಮೊದಲ ಹೆಸರಿನವರು ಇರುವ ತನಕ ಹಣ ಅವರಿಗೆ ಮಾತ್ರ. ಒಂದೇ ಪದದ ವ್ಯತ್ಯಾಸ! ವಾರದ ನಂತರ ಆ ತಂದೆ ಕೋಲೂರಿಕೊಂಡು ಬಂದರು. ಮಗಳ ಮದುವೆಗೆಂದು ಇಟ್ಟಿದ್ದ ಹಣವದು. ಅವರು ಬೈಯಲಿಲ್ಲ. “ನೀವು ಓದಿದವರಲ್ಲವೇ ಸ್ವಾಮಿ?” ಎಂದರು, ಅಷ್ಟೆ.

ನಾನು ಬಿ.ಕಾಂ. ಮಾಡಿದ್ದೆ. ಆ ಎರಡು ಪದಗಳ ಅರ್ಥವೂ ಗೊತ್ತಿತ್ತು. ಆದರೂ ಬರೆದದ್ದನ್ನು ಬಿಟ್ಟು, ಇರಬಹುದು ಎಂದುಕೊಂಡದ್ದನ್ನು ಓದಿದ್ದೆ.

ಮೊಮ್ಮಗಳು ಏನೂ ಹೇಳಲಿಲ್ಲ. ಮರುದಿನ ತಾನೇ ಪುಸ್ತಕ ಹಿಡಿದು ಬಂದು ಕುಳಿತಳು. ಈಗ ನಮ್ಮ ಕ್ರಮ ಹೀಗಿದೆ. ಪ್ಯಾಸೇಜು ಓದಿ ಮುಗಿಸಿ, ಅದರ ಸಾರವನ್ನು ಎರಡು ವಾಕ್ಯದಲ್ಲಿ ನನಗೆ ಕನ್ನಡದಲ್ಲಿ ಹೇಳಬೇಕು. ಹೇಳಲು ಬಂದರೆ ಅರ್ಥವಾಗಿದೆ, ತಡವರಿಸಿದರೆ ಇನ್ನೊಮ್ಮೆ ಓದು. ಪ್ರಶ್ನೆಯನ್ನು ಎರಡು ಸಲ ಓದಬೇಕು. ಉತ್ತರಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ‘ಯಾವಾಗಲೂ’, ‘ಎಲ್ಲರೂ’, ‘ಮಾತ್ರ’ ಎನ್ನುವ ಉತ್ತರ ಕಂಡರೆ ಒಂದು ಗಳಿಗೆ ನಿಲ್ಲಬೇಕು. ಮೊದಮೊದಲು ಗಡಿಯಾರ ಬೇಡವೆಂದೆ. ಓದು ಹದಕ್ಕೆ ಬಂದ ಮೇಲೆ ವೇಗ ತಾನಾಗಿ ಬರುತ್ತದೆ.

ಮಕ್ಕಳೇ, ನೀವೂ ಒಂದು ಕೈ ನೋಡಿ. ನಮ್ಮ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಹಳೆಯ ತಮಿಳು ಶಾಸನಗಳಿವೆ. ಈ ಒಂದು ವಾಕ್ಯದಿಂದ ಏನು ತಿಳಿಯುತ್ತದೆ? ಒಂದು: ಆಗ ಈ ಊರಿನವರೆಲ್ಲ ತಮಿಳನ್ನೇ ಆಡುತ್ತಿದ್ದರು. ಎರಡು: ಆ ಶಾಸನಗಳನ್ನು ಬರೆಸಿದವರು ಅದಕ್ಕೆ ತಮಿಳನ್ನು ಬಳಸಿದರು. ಎರಡನೆಯದೇ ಸರಿ. ಊರಿನವರು ಮನೆಯಲ್ಲಿ ಯಾವ ಮಾತು ಆಡುತ್ತಿದ್ದರೋ, ಆ ವಾಕ್ಯ ಹೇಳುವುದಿಲ್ಲ.

ಅಜ್ಜ-ಅಜ್ಜಿಯರೇ, ಇಂಗ್ಲಿಷ್ ಬರದಿದ್ದರೂ ಈ ಪಾಠ ನೀವು ಹೇಳಿಕೊಡಬಹುದು. ಮಗು ಪೇಪರಿನ ಒಂದು ಸುದ್ದಿ ಓದಲಿ. “ಏನು ಬರೆದಿದೆ? ಎಲ್ಲಿ ಬರೆದಿದೆ?” ಎಂದು ಎರಡೇ ಪ್ರಶ್ನೆ ಕೇಳಿ.

ನಿನ್ನೆ ಸಂಜೆ ನಮ್ಮ ಲೆಕ್ಕ: 11 ಸರಿ, 3 ತಪ್ಪು, 2 ಬಿಟ್ಟದ್ದು. 33ರಲ್ಲಿ 3 ಕಳೆದರೆ 30. ಪರೀಕ್ಷೆಯ ದಿನ ಏನಾಗುತ್ತದೋ ನೋಡೋಣ. ಅಂದಹಾಗೆ, ಈಗ ಮನೆಗೆ ಬರುವ ಕಾಗದವನ್ನೆಲ್ಲ ಅವಳು ಪೂರ್ತಿ ಓದಿಯೇ ನನ್ನ ಕೈಗೆ ಕೊಡುತ್ತಾಳೆ, ಸಹಿ ಹಾಕುವ ಮೊದಲು.