ಹೆಡ್‌ಫೋನಿಗೆ ತಕ್ಕ ವಾಲ್ವು

ಈಚೆಗೆ ಒಂದು ಭಾನುವಾರ ವಿಜಯಪುರದ ನಮ್ಮ ಮನೆಗೆ ಇಬ್ಬರು ನೆಂಟರು ಬಂದಿದ್ದರು. ಒಬ್ಬನು ತಿಕೋಟಾದಲ್ಲಿರುವ ಅಣ್ಣನ ಮಗ. ಇನ್ನೊಬ್ಬರು ಬಬಲೇಶ್ವರದ ಭಾವನವರು. ಇಬ್ಬರಿಗೂ ಮಲ್ಲಿಕಾರ್ಜುನ ಮನಸೂರರ ಗಾಯನವೆಂದರೆ ಪ್ರಾಣ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಹಿರಿಯರು ಹಾಡು ಕೇಳಿದ್ದು ವಾಲ್ವಿನ ರೇಡಿಯೋದಲ್ಲಿ. ಆ ಇಂಪನ್ನು, ಮನೆಯವರ ನಿದ್ದೆ ಕೆಡಿಸದೆ, ರಾತ್ರಿಯ ಹೊತ್ತು ಸವಿಯಬೇಕೆಂಬುದು ಇವರ ಆಸೆ.

ಹುಡುಗನು ಆಗಲೇ ಒಂದು ವಾಲ್ವಿನ ಆಂಪ್ಲಿಫೈಯರನ್ನು ಕೊಂಡು ತಂದಿದ್ದ. ಅಂಥದನ್ನೇ ಕೊಳ್ಳಲು ಭಾವನವರು ಹಣ ಕೂಡಿಸಿಟ್ಟಿದ್ದರು. ಅವರು ತಮ್ಮ ಹೆಡ್‌ಫೋನನ್ನು ಅದಕ್ಕೆ ಜೋಡಿಸಿ ಕೇಳಿದವರೇ ಮುಖ ಸಿಂಡರಿಸಿದರು. ತಂಬೂರಿಯ ನಾದ ಮಸುಕಾಗಿತ್ತು. ದನಿ ಏರಿಸಿದರೆ ಒಡೆಯುತ್ತಿತ್ತು.

"ಕಾಕಾ, ನಿನ್ನೀತನಾ ಚೊಲೋ ಹಾಡತಿತ್ತು, ಕೆಟ್ಟತೇನ್ರಿ?" ಎಂದು ಹುಡುಗ ಗಾಬರಿಯಾದ.

ಕೆಟ್ಟಿರಲಿಲ್ಲ, ಜೋಡಿ ತಪ್ಪಿತ್ತು. ಹುಡುಗನ ಹೆಡ್‌ಫೋನು 300 ಓಮ್, ಭಾವನವರದು 32 ಓಮ್. ಓಮ್ ಎಂಬುದು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಹೆಚ್ಚು ಓಮಿನದು ವೋಲ್ಟೇಜನ್ನು ಬೇಡುತ್ತದೆ, ಕಡಿಮೆ ಓಮಿನದು ಕರೆಂಟನ್ನು. ವಾಲ್ವಾದರೋ ವೋಲ್ಟೇಜಿನಲ್ಲಿ ಉದಾರಿ, ಕರೆಂಟಿನಲ್ಲಿ ಜಿಪುಣ. ಈ ಜಿಪುಣತನವನ್ನು ನಿಭಾಯಿಸುವ ರೀತಿಗೆ ಅನುಸಾರವಾಗಿ ಇಂಥ ಆಂಪ್ಲಿಫೈಯರುಗಳಲ್ಲಿ ಮೂರು ಜಾತಿಗಳಿವೆ.

ಮೊದಲನೆಯದು ಓಟಿಎಲ್, ಎಂದರೆ ಹೊರಗಡೆಯ ಟ್ರಾನ್ಸ್‌ಫಾರ್ಮರು ಇಲ್ಲದ್ದು. 1950ರ ದಶಕದಲ್ಲಿ ಅಮೆರಿಕದ ಜೂಲಿಯಸ್ ಫಟರ್ಮನ್ ಸ್ಪೀಕರುಗಳಿಗಾಗಿ ಬೆಳೆಸಿದ ಮಾರ್ಗವಿದು. 300 ಅಥವಾ 600 ಓಮಿನ ಹೆಡ್‌ಫೋನಿಗೆ ಇದು ಹಿತ. ಹುಡುಗನದು ಈ ಜಾತಿಯದೇ. ಎರಡನೆಯದರಲ್ಲಿ ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸಿ ಕರೆಂಟನ್ನು ಹೆಚ್ಚಿಸುತ್ತದೆ. ಎರಡು ಬಗೆಯ ಹೆಡ್‌ಫೋನಿಗೂ ಒಗ್ಗಬಲ್ಲದು. ಆದರೆ ಒಳ್ಳೆಯ ಟ್ರಾನ್ಸ್‌ಫಾರ್ಮರು ಭಾರವೂ ಹೌದು, ದುಬಾರಿಯೂ ಹೌದು. ಮೂರನೆಯದು ಹೈಬ್ರಿಡ್: ವಾಲ್ವು ದನಿಯನ್ನು ಬೆಳೆಸುತ್ತದೆ, ಟ್ರಾನ್ಸಿಸ್ಟರು ಕರೆಂಟನ್ನು ಒದಗಿಸುತ್ತದೆ. ಕಡಿಮೆ ಓಮಿಗೆ, ಕಡಿಮೆ ಖರ್ಚಿಗೆ ಇದು ತಕ್ಕದ್ದು.

ಕೊಳ್ಳುವ ಮುನ್ನ ಒಂದು ಸರಳ ಲೆಕ್ಕ ಮಾಡಬೇಕು. ಆಂಪ್ಲಿಫೈಯರಿನ ಔಟ್‌ಪುಟ್ ತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಿದ್ದರೆ ಚೆನ್ನು. 32 ಓಮಿಗೆ 4. 300 ಓಮಿಗೆ ಸುಮಾರು 37. ಹೆಚ್ಚು ಓಮಿನದು ತುಸು ಮೀರಿದರೂ ಸಹಿಸೀತು, ಕಡಿಮೆಯದು ಸಹಿಸದು.

ವಾಲ್ವಿನ ಇಂಪಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಅದು ಮೂಲದಲ್ಲಿಲ್ಲದ ಒಂದಿಷ್ಟು ಸ್ವರವನ್ನು, ಮುಖ್ಯವಾಗಿ ಇಮ್ಮಡಿ ಕಂಪನದ್ದನ್ನು, ಬೆರೆಸುತ್ತದೆ. ಮಧ್ಯ ಷಡ್ಜದೊಡನೆ ತಾರ ಷಡ್ಜವು ಮೆಲ್ಲಗೆ ಸೇರಿದಂತೆ. ಇದು ರುಚಿಯ ಮಾತು, ಶುದ್ಧಿಯ ಮಾತಲ್ಲ.

ಭಾವನವರು ಲೆಕ್ಕ ಹಾಕಿ ಹೈಬ್ರಿಡ್ಡನ್ನು ನಿಶ್ಚಯಿಸಿದರು. "ಹೊಸ ಹೆಡ್‌ಫೋನಿನ ಖರ್ಚು ಉಳೀತು" ಎಂದು ನಕ್ಕರು.

ಎರಡು ಎಚ್ಚರಿಕೆಗಳು. ಉರಿಯುವ ವಾಲ್ವು ಕೈ ಸುಡುತ್ತದೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಅದರ ಸುತ್ತ ಗಾಳಿಯಾಡಲು ಜಾಗ ಬೇಕು, ಮಕ್ಕಳಿಗೆ ಅದು ಎಟುಕಬಾರದು. ಅನೇಕ ಯಂತ್ರಗಳ ಒಳಗೆ 200 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಲಹೊತ್ತು ಉಳಿದಿರಬಹುದು. ಆದುದರಿಂದ ಮುಚ್ಚಳ ತೆರೆಯುವ ಕೆಲಸವನ್ನು ಬಲ್ಲವರಿಗೇ ಬಿಡಿರಿ. ಅಂಗಡಿಗೆ ಹೋಗುವಾಗ ಮಾತ್ರ ನಿಮ್ಮ ಹೆಡ್‌ಫೋನನ್ನು ಮರೆಯದೆ ಒಯ್ಯಿರಿ.