ಗಾಜಿನ ಪೆಟ್ಟಿಗೆಯಲ್ಲಿ ಬಿಲವೆಲ್ಲಿದೆ?



"ಹಾವು ಶೀತರಕ್ತ ಪ್ರಾಣಿಯಲ್ಲವೇ ಮೇಷ್ಟ್ರೇ, ಚಳಿ ಅದನ್ನೇನು ಮಾಡೀತು?" ಎಂಬ ಮಾತನ್ನು ಓದುಬರಹ ಬಲ್ಲವರ ಬಾಯಿಂದಲೇ ನಾನು ಅದೆಷ್ಟೋ ಸಲ ಕೇಳಿದ್ದೇನೆ. ಪ್ರತಿ ಡಿಸೆಂಬರಿನಲ್ಲಿಯೂ ಯಾರಾದರೊಬ್ಬರು ಅದನ್ನು ಹೊಸದಾಗಿ ಕಂಡುಹಿಡಿದವರಂತೆ ಹೇಳುತ್ತಾರೆ. ನಮ್ಮ ಕುಟುಂಬದಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಈಗ ಅಮೆರಿಕದಲ್ಲಿ ಬೆಳೆಯುತ್ತಿರುವ ಮಕ್ಕಳು ಹಾವು ಸಾಕುವ ಕಾಲ ಬಂದಿರುವುದರಿಂದ, ಈ ಮಾತಿಗೆ ಒಮ್ಮೆ ವಿವರವಾಗಿಯೇ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಸ್ವಲ್ಪ ಖಾರವಾಗಿ ಬರೆದರೆ ಕ್ಷಮೆಯಿರಲಿ. ನಿವೃತ್ತನಾದ ಮಾತ್ರಕ್ಕೆ ಮೇಷ್ಟರ ನಾಲಿಗೆ ನಿವೃತ್ತವಾಗುವುದಿಲ್ಲ.

ಮೊದಲು ಆ ಪದವನ್ನೇ ನೋಡೋಣ. 'ಶೀತರಕ್ತ' ಎಂಬ ಶಬ್ದ ಪಠ್ಯಪುಸ್ತಕಗಳಲ್ಲಿ ಬೇರೂರಿ ಮಾಡಿರುವ ಅನಾಹುತ ಅಷ್ಟಿಷ್ಟಲ್ಲ. ಹಾವಿನ ರಕ್ತ ತಣ್ಣಗಿರಬೇಕೆಂಬ ನಿಯಮ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ. ಎಳೆಬಿಸಿಲಿಗೆ ಮೈಯೊಡ್ಡಿ ಮಲಗಿದ ಕೇರೆಹಾವಿನ ರಕ್ತ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಕಪ್ಪುಹಲಗೆಯ ಮೇಲೆ ಆ ಪದವನ್ನು ಬರೆದು, ಅದರ ಪಕ್ಕದಲ್ಲಿಯೇ 'ಎರವಲು ಶಾಖದ ಪ್ರಾಣಿ' ಎಂದು ಬರೆಸುತ್ತಿದ್ದೆ. ನಾವು ಉಂಡ ಅನ್ನದ ಬಹುಪಾಲು ಮೈಯನ್ನು ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಹಾವಿಗೆ ಆ ಖರ್ಚಿಲ್ಲ. ಬಿಸಿಲಿನಿಂದ, ಕಾದ ಬಂಡೆಯಿಂದ, ನೆಲದ ಕಾವಿನಿಂದ ಅದು ಶಾಖವನ್ನು ಎರವಲು ತರುತ್ತದೆ. ಆದ್ದರಿಂದಲೇ ವಾರಕ್ಕೊಂದು, ಎರಡು ವಾರಕ್ಕೊಂದು ಇಲಿ ಸಿಕ್ಕರೂ ಅದರ ಸಂಸಾರ ಸಾಗುತ್ತದೆ. ಇದು ದಾರಿದ್ರ್ಯವಲ್ಲ, ಮಿತವ್ಯಯ. ಆದರೆ ಎರವಲಿನ ಮೇಲೆ ಬದುಕುವವನಿಗೆ ಸಾಲ ಕೊಡುವವನು ಬಾಗಿಲು ಮುಚ್ಚಿದರೆ ಗತಿಯೇನು? ಮೈ ತಣ್ಣಗಾದಂತೆ ಅದರ ಸ್ನಾಯು ಜಡವಾಗುತ್ತದೆ, ರೋಗದೊಡನೆ ಹೋರಾಡುವ ಶಕ್ತಿ ಕುಂದುತ್ತದೆ, ಹೊಟ್ಟೆಯಲ್ಲಿರುವ ಆಹಾರ ಜೀರ್ಣವಾಗದೆ ಅಲ್ಲಿಯೇ ಕೊಳೆಯತೊಡಗುತ್ತದೆ. ಚಳಿ ಅದನ್ನೇನು ಮಾಡೀತು ಎಂದು ಕೇಳುವವರಿಗೆ ಇದು ಉತ್ತರ.

ಎರಡನೆಯ ವಾದ ಇನ್ನೂ ಜಾಣತನದ್ದು. "ಕಾಡಿನಲ್ಲಿರುವ ಹಾವಿಗೆ ಯಾರು ಹೀಟರು ಹಾಕುತ್ತಾರೆ? ಅಲ್ಲಿ ಬದುಕುವುದಿಲ್ಲವೇ?" ಬದುಕುತ್ತದೆ, ಏಕೆಂದರೆ ಕಾಡಿನಲ್ಲಿ ಅದಕ್ಕೆ ಬಿಲವಿದೆ. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್ ಚಳಿಗಾಲ ಬರುವ ಮುನ್ನ ಹಿಮಗಟ್ಟುವ ಪದರಕ್ಕಿಂತ ಕೆಳಗೆ, ಬೇರುಗಳ ಸಂದಿಯಲ್ಲೋ ಇಲಿಬಿಲದಲ್ಲೋ ಇಳಿದು, ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಮಕ್ಕಳು ಅತಿ ಹೆಚ್ಚಾಗಿ ಸಾಕುವ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಂತೂ ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು. ಹಿಮವೆಂದರೇನೆಂದು ಅದರ ಹಿರಿಯರಾರೂ ಕಂಡವರಲ್ಲ. ಅಲ್ಲಿ ಅದು ದಂಶಕಗಳ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಹಗಲು ಕಳೆಯುತ್ತದೆ. ಇಂಥ ಪ್ರಾಣಿಯನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಮುಚ್ಚಳ ಬಿಗಿದು, ಚಳಿ ಬಂದಾಗ "ಕಾಡಿನಲ್ಲಿ ಬದುಕುವುದಿಲ್ಲವೇ" ಎನ್ನುವುದು, ಮನುಷ್ಯನನ್ನು ಕೋಣೆಯಲ್ಲಿ ಕೂಡಿಹಾಕಿ "ಹಸಿವಾದರೆ ಹೋಟೆಲಿಗೆ ಹೋಗಬಾರದೇ" ಎಂದಂತೆ. ಪೆಟ್ಟಿಗೆಯಲ್ಲಿ ಬಿಲವೆಲ್ಲಿದೆ? ಬಿಲವನ್ನು ಕಸಿದುಕೊಂಡವನೇ ಬಿಲವಾಗಬೇಕು. ನನ್ನ ವಾದವೆಲ್ಲ ಇಷ್ಟೇ.

ಮೂರನೆಯದು ಮಾರುವವರ ಮಾತು. ನನ್ನ ತಂಗಿಯ ಮೊಮ್ಮಗ ಡಲ್ಲಾಸ್ ನಗರದ ಹೊರವಲಯದಲ್ಲಿದ್ದಾನೆ. ಹದಿಮೂರನೆಯ ವರ್ಷದಲ್ಲಿ ಅವನು ಬಾಲ್ ಪೈಥಾನ್ ಕೊಂಡಾಗ ಅಂಗಡಿಯವರು ಹೇಳಿದ್ದು, "ನಾಯಿಯಂತೆ ತಿರುಗಾಡಿಸಬೇಕಿಲ್ಲ, ಬೆಕ್ಕಿನಂತೆ ಕೂದಲುದುರುವುದಿಲ್ಲ, ಬಹಳ ಸುಲಭದ ಪ್ರಾಣಿ, ಪ್ಲಗ್ ಹಾಕಿದರೆ ಸಾಕು" ಎಂದು. ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25–26 ಡಿಗ್ರಿ ಇರಬೇಕು. ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ ಎಂಬುದನ್ನೂ ಚೆನ್ನಾಗಿಯೇ ವಿವರಿಸಿದರಂತೆ. ಕರೆಂಟು ಹೋದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಹುಡುಗನ ತಂದೆತಾಯಿಗಳೂ ಕೇಳಲಿಲ್ಲ. ಕರ್ನಾಟಕದಲ್ಲಿ ಲೋಡ್ ಶೆಡ್ಡಿಂಗಿನ ನಡುವೆಯೇ ಪರೀಕ್ಷೆಗೆ ಓದಿಕೊಂಡವರು ಅಮೆರಿಕಕ್ಕೆ ಹೋದೊಡನೆ ಕರೆಂಟು ಹೋಗುವುದೇ ಇಲ್ಲವೆಂದು ನಂಬಿಬಿಡುವುದು ನನಗೆ ಇಂದಿಗೂ ಸೋಜಿಗ. ಇಪ್ಪತ್ತು ಮೂವತ್ತು ವರ್ಷ ಬಾಳುವ ಜೀವವೊಂದನ್ನು ಗೋಡೆಯ ಎರಡು ತೂತುಗಳಿಗೆ ಗಂಟುಹಾಕಿ ಅದನ್ನು 'ಸುಲಭ' ಎಂದು ಮಾರುವುದು ವ್ಯಾಪಾರವಿರಬಹುದು, ಪ್ರಾಮಾಣಿಕತೆಯಲ್ಲ.

ಆ ಎರಡು ತೂತುಗಳ ಭರವಸೆ ಎಷ್ಟೆಂಬುದನ್ನು 2021ರ ಫೆಬ್ರವರಿ ತೋರಿಸಿಕೊಟ್ಟಿತು. ಬೆಚ್ಚಗಿನ ರಾಜ್ಯವೆಂದು ಹೆಸರಾದ ಟೆಕ್ಸಸ್ಸಿನಲ್ಲಿ ಫೆಬ್ರವರಿ 16ರ ಬೆಳಿಗ್ಗೆ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಅಲ್ಲಿನ ವಿದ್ಯುತ್ ಜಾಲದ ಬಹುಭಾಗ ಎರ್ಕಾಟ್ ಎಂಬ ಸಂಸ್ಥೆಯ ನಿರ್ವಹಣೆಯಲ್ಲಿದೆ. ದೇಶದ ಪೂರ್ವ ಮತ್ತು ಪಶ್ಚಿಮದ ಮಹಾಜಾಲಗಳಿಂದ ಅದು ಬಹುಮಟ್ಟಿಗೆ ಪ್ರತ್ಯೇಕವಾಗಿರುವುದರಿಂದ ನೆರೆಯವರಿಂದ ಬೇಕಾದಷ್ಟು ವಿದ್ಯುತ್ತನ್ನು ತರಿಸಿಕೊಳ್ಳುವ ದಾರಿಯಿರಲಿಲ್ಲ. ಅನಿಲದ ಬಾವಿಗಳು ಹೆಪ್ಪುಗಟ್ಟಿದವು, ಸ್ಥಾವರಗಳು ಒಂದೊಂದಾಗಿ ನಿಂತವು. 2011ರ ಫೆಬ್ರವರಿಯಲ್ಲಿ ಇಂಥದೇ ಸಂಕಟವೊದಗಿ, ಯಂತ್ರಗಳನ್ನು ಚಳಿಗೆ ಸಜ್ಜುಗೊಳಿಸಬೇಕೆಂದು ಕೇಂದ್ರದ ತನಿಖಾ ವರದಿಯೇ ಹೇಳಿತ್ತು, ಕೇಳಿದವರು ಕಡಿಮೆ. ಫೆಬ್ರವರಿ 15ರ ನಸುಕಿನಲ್ಲಿ ಇಡೀ ಜಾಲ ಪೂರ್ಣ ಕುಸಿಯುವುದಕ್ಕೆ ಉಳಿದಿದ್ದುದು 4 ನಿಮಿಷ 37 ಸೆಕೆಂಡು ಮಾತ್ರ ಎಂದು ಅನಂತರ ಆ ಸಂಸ್ಥೆಯೇ ತಿಳಿಸಿತು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಮುಳುಗಿದವು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ ಸತ್ತವರು 246 ಮಂದಿ. ಅದು ಟೆಕ್ಸಸ್ಸಿಗೆ ಮಾತ್ರ ಬಂದ ಗ್ರಹಚಾರವೆಂದು ತಿಳಿಯಬೇಡಿ. 2022ರ ಕ್ರಿಸ್‌ಮಸ್ ಹೊತ್ತಿನಲ್ಲಿ ಟೆನೆಸಿ, ಉತ್ತರ ಕೆರೊಲೈನಾಗಳಲ್ಲಿಯೂ ಕೊರೆಯುವ ಚಳಿಯಲ್ಲಿ ಸರದಿಯಂತೆ ವಿದ್ಯುತ್ ಕಡಿತ ಮಾಡಬೇಕಾಯಿತು.

ಆ ದಿನಗಳಲ್ಲಿ ನಮ್ಮ ಹುಡುಗನಿಗೆ ಹದಿನೈದು ವರ್ಷ. ಅವನ ಮನೆಯಲ್ಲಿ ಸುಮಾರು ಮೂವತ್ತು ಗಂಟೆ ಕರೆಂಟಿರಲಿಲ್ಲ. ಒಳಗಿನ ಉಷ್ಣಾಂಶ ಏಳು ಡಿಗ್ರಿಗೆ ಇಳಿದಿತ್ತು. ಹಾವನ್ನು ಹೇಗೆ ಬೆಚ್ಚಗಿಡಲೆಂದು ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನ ತಾಯಿ ಕೇಳಿದ್ದೇ ತಡ, "ಹಾವಿಗೆ ಹಾಲೆರೆದದ್ದು ಸಾಲದೇ, ಈಗ ಕಂಬಳಿಯೂ ಹೊದಿಸಬೇಕೇ" ಎಂದೊಬ್ಬರು, "ಜನ ಸಾಯುತ್ತಿರುವಾಗ ಹಾವಿನ ಚಿಂತೆ ಇವರಿಗೆ" ಎಂದು ಮತ್ತೊಬ್ಬರು. ಮೊದಲನೆಯದಕ್ಕೆ ನಗುವ ಚಿಹ್ನೆಗಳ ಸುರಿಮಳೆಯೇ ಆಯಿತು. ಹಾವು ಹಾಲು ಕುಡಿಯುವ ಪ್ರಾಣಿಯೇ ಅಲ್ಲ ಎಂಬುದನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಎರಡನೆಯ ಮಾತಿಗೆ ಮಾತ್ರ ನಾನು ಮರ್ಯಾದೆಯಿಂದಲೇ ಉತ್ತರಿಸಬೇಕು, ಏಕೆಂದರೆ ಅದರಲ್ಲಿ ತೂಕವಿದೆ.

ಜನರ ಜೀವ ಮೊದಲು. ಇದರಲ್ಲಿ ಎರಡು ಮಾತಿಲ್ಲ. ಮಗುವಿಗೂ ಹಾವಿಗೂ ಒಂದೇ ಕಂಬಳಿಯಿದ್ದರೆ ಅದು ಮಗುವಿಗೆ. ಆದರೆ ಅಂದು ಆ ಮನೆಯಲ್ಲಿ ಅಂಥ ಪ್ರಸಂಗವೇ ಬರಲಿಲ್ಲ ಎಂಬುದನ್ನು ಗಮನಿಸಿ. ಹವಾಮಾನದ ಮುನ್ಸೂಚನೆ ಬಂದೊಡನೆ ಹಾವಿಗೆ ಏನಾದೀತೆಂದು ಹುಡುಗ ಓದತೊಡಗಿದ್ದರಿಂದಲೇ ಮನೆಯವರಿಗೆ ಎಚ್ಚರವಾಯಿತು; ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಸಿಟ್ಟರು, ಬ್ಯಾಟರಿ ತಂದರು, ನಾಲ್ವರೂ ಒಂದೇ ಸಣ್ಣ ಕೋಣೆಯಲ್ಲಿ ಮಲಗಿ ಬಾಗಿಲಿನ ಸಂದಿಗೆ ಟವೆಲು ತುರುಕಿದರು. ಹಾವಿನ ಪೆಟ್ಟಿಗೆ ಅದೇ ಕೋಣೆಯ ಮೂಲೆಯಲ್ಲಿತ್ತು. ಯಾರ ಪಾಲಿನ ಕಾವನ್ನು ಅದು ಕಸಿದುಕೊಂಡಿತು? ಅದೇ ವಾರ ಟೆಕ್ಸಸ್ಸಿನ ದಕ್ಷಿಣದ ತುದಿಯಲ್ಲಿರುವ ಸೌತ್ ಪಾಡ್ರೆ ದ್ವೀಪದಲ್ಲಿ ಚಳಿಗೆ ಮರಗಟ್ಟಿ ತೇಲುತ್ತಿದ್ದ ಸಾವಿರಾರು ಕಡಲಾಮೆಗಳನ್ನು ಜನ ದೋಣಿಗಳಲ್ಲಿ, ತಮ್ಮ ಕಾರುಗಳಲ್ಲಿ ಹೊತ್ತು ತಂದು ಸಭಾಭವನವೊಂದರ ನೆಲದ ಮೇಲೆ ಸಾಲಾಗಿ ಮಲಗಿಸಿದರು. ಅವೂ ಎರವಲು ಶಾಖದ ಪ್ರಾಣಿಗಳೇ. ಆ ಜನರ ಮನೆಗಳಲ್ಲಿಯೂ ಕರೆಂಟಿರಲಿಲ್ಲ. ದಯೆಯೆಂಬುದು ರೇಷನ್ ಅಂಗಡಿಯ ಸಕ್ಕರೆಯಲ್ಲ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಹಾವನ್ನು ನೋಡಿ ನಕ್ಕ ನಮ್ಮ ಬಂಧುಗಳು ಆ 246 ಮಂದಿಗಾಗಿ ಏನು ಮಾಡಿದರೆಂದು ನಾನು ಕೇಳಲಿಲ್ಲ, ಕೇಳಬಹುದಿತ್ತು.

ಇನ್ನು, ಪ್ರೀತಿಯ ಹೆಸರಿನಲ್ಲಿ ನಡೆಯುವ ಅವಿವೇಕದ ವಿಷಯ. ಇದು ಉದಾಸೀನಕ್ಕಿಂತ ಅಪಾಯಕಾರಿ. ಕೋಣೆ ಬೆಚ್ಚಗಾಗಲೆಂದು ಇದ್ದಿಲಿನ ಒಲೆಯನ್ನು ಮನೆಯೊಳಗೆ ತರುವುದು, ಗ್ಯಾರೇಜಿನಲ್ಲಿ ಜನರೇಟರು ಹಚ್ಚುವುದು, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂರುವುದು: ಇವು ಹಾವನ್ನೂ ಉಳಿಸುವುದಿಲ್ಲ, ಮನೆಯವರನ್ನೂ ಉಳಿಸುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಆ 246ರಲ್ಲಿ 19 ಸಾವುಗಳು ಅದರಿಂದಲೇ ಆದವು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಗಾದೆಗೆ ಇಲ್ಲಿ ಹೊಸ ಅರ್ಥವೇ ಬಂದಿದೆ. ಹಾಗೆಯೇ ಕುದಿನೀರಿನ ಬಾಟಲಿಯನ್ನು ನೇರವಾಗಿ ಹಾವಿನ ಮೈಗೆ ತಾಗಿಸಿಡುವುದು. ಸುಡುವ ವಸ್ತುವಿನ ಮೇಲೆ ಮಲಗಿಯೂ ಹಾವು ಸರಿಯದೆ ಮೈ ಸುಟ್ಟುಕೊಳ್ಳುತ್ತದೆ ಎಂಬುದು ಪಶುವೈದ್ಯರೆಲ್ಲ ಬಲ್ಲ ಸಂಗತಿ. ಕೈ ಬೆಚ್ಚಗಿಡಲು ಮಾರುವ ರಾಸಾಯನಿಕ ಪೊಟ್ಟಣಗಳಲ್ಲಿರುವುದು ಕಬ್ಬಿಣದ ಪುಡಿ. ಅದು ಗಾಳಿಯ ಆಮ್ಲಜನಕವನ್ನು ಹೀರಿ ತುಕ್ಕು ಹಿಡಿಯುವಾಗ ಶಾಖ ಹೊರಡುತ್ತದೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದನ್ನಿಟ್ಟರೆ ಹಾವಿನ ಉಸಿರಿಗೇ ಸಂಚಕಾರ.

ಹುಡುಗ ಮಾಡಿದ್ದು ಇಷ್ಟು. ಮುನ್ಸೂಚನೆ ತಿಳಿದ ದಿನದಿಂದ ಹಾವಿಗೆ ಆಹಾರ ಹಾಕಲಿಲ್ಲ. ಕರೆಂಟು ಹೋದೊಡನೆ, ಗಾಜಿನ ಪೆಟ್ಟಿಗೆ ಇನ್ನೂ ಬೆಚ್ಚಗಿರುವಾಗಲೇ, ಹಾವನ್ನು ದಿಂಬಿನ ಹತ್ತಿಯ ಗವಸಿನೊಳಗೆ ಬಿಟ್ಟು ಬಾಯಿ ಕಟ್ಟಿದ. ಆ ಗಂಟನ್ನು ಗಾಳಿಗೆ ತೂತು ಮಾಡಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟ. ಅನಿಲದ ಒಲೆಯಲ್ಲಿ ನೀರು ಕಾಯಿಸಿ, ಕಾದೊಡನೆ ಒಲೆಯಾರಿಸಿ, ಬಾಟಲಿಗೆ ತುಂಬಿ, ದಪ್ಪ ಟವೆಲಿನಲ್ಲಿ ಸುತ್ತಿ ಗವಸಿನಿಂದ ಆಚೆಗೆ ಪೆಟ್ಟಿಗೆಯ ಒಂದೇ ಬದಿಗಿಟ್ಟ, ಬೇಕೆನಿಸಿದರೆ ಹಾವು ದೂರ ಸರಿಯಲೆಂದು. ಒಳಗೊಂದು ಥರ್ಮಾಮೀಟರು. ಮೂರು ಗಂಟೆಗೊಮ್ಮೆ ನೀರು ಬದಲಾವಣೆ. ಬಾಟಲಿ ಆರಿದ ನಡುರಾತ್ರಿಯಲ್ಲಿ ಗವಸಿನ ಗಂಟನ್ನೇ ಸ್ವೆಟರಿನೊಳಗೆ ಎದೆಗವಚಿಕೊಂಡು ಕುಳಿತನಂತೆ. ಮನುಷ್ಯನ ಮೈ 37 ಡಿಗ್ರಿಯ ಒಲೆ. ಅದಕ್ಕೆ ಪ್ಲಗ್ ಬೇಕಿಲ್ಲ. ಹೆಬ್ಬಾವುಗಳಲ್ಲಿಯೇ ಬರ್ಮಾ ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿಸುತ್ತಿ, ಸ್ನಾಯುಗಳನ್ನು ನಡುಗಿಸಿ ನಡುಗಿಸಿ ಶಾಖ ಹುಟ್ಟಿಸಿ ಕಾವು ಕೊಡುತ್ತದೆ. ಎರವಲಿನ ಪ್ರಾಣಿಯೂ ಅಗತ್ಯ ಬಿದ್ದರೆ ಮನೆಯಲ್ಲಿಯೇ ಒಲೆ ಹೂಡುತ್ತದೆ ಎಂದಾಯಿತು.

ಹಾವು ಉಳಿಯಿತು. ಉಳಿದದ್ದು ಪ್ಲಗ್ಗಿನಿಂದಲ್ಲ, ಸುಲಭವಾಗಿಯೂ ಅಲ್ಲ. ಹಾವು ಸಾಕಲು ಹೊರಟ ಪ್ರತಿಯೊಂದು ಮನೆಯವರನ್ನೂ ನಾನು ಕೇಳುವುದಿದು: ಆ ಮೂವತ್ತು ಗಂಟೆ ಎಚ್ಚರವಿರಲು ಯಾರು ಸಿದ್ಧ? ಉತ್ತರವಿಲ್ಲದಿದ್ದರೆ ಕೊಳ್ಳಬೇಡಿ. ಥರ್ಮೋಕೋಲ್ ಪೆಟ್ಟಿಗೆಯನ್ನು ಹಾವಿನ ಜೊತೆಗೇ ಕೊಳ್ಳಿ, ಹಾವು ಬಂದ ಮೇಲಲ್ಲ.

ಬೆಂಗಳೂರಿನಲ್ಲಿ ಕುಳಿತು ಇದನ್ನೋದುವವರು "ನಮಗೇಕೆ ಈ ಪುರಾಣ" ಎನ್ನಬೇಡಿ. ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲವೆಂದು ಈಗ ವಿದೇಶೀ ಹಾವುಗಳ ಶೋಕಿ ಶುರುವಾಗಿದೆ. 2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೇ ಸಿಕ್ಕಿಬಿದ್ದವು. ವಿಮಾನದ ಪೆಟ್ಟಿಗೆಯಲ್ಲಿ ಬಟ್ಟೆಯಂತೆ ಮಡಚಿ ತರುವವನು ಅದಕ್ಕೆಷ್ಟು ಡಿಗ್ರಿ ಬೇಕೆಂದು ಲೆಕ್ಕ ಹಾಕಿರುತ್ತಾನೆಯೇ? ಬಾಲ್ ಪೈಥಾನ್ ಮುಂತಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿದೆ. ಬೆಂಗಳೂರಿನ ಡಿಸೆಂಬರ್ ರಾತ್ರಿ 15–16 ಡಿಗ್ರಿಗೆ ಇಳಿಯುವುದು ಸಾಮಾನ್ಯ. ನಮಗೆ ಅದು ಹಿತವಾದ ಚಳಿ, ಆಫ್ರಿಕದ ಹೆಬ್ಬಾವಿಗೆ ಅಲ್ಲ. ನಮ್ಮಲ್ಲಿ ಕರೆಂಟು ಹೋಗಲು ಹಿಮಪಾತವೂ ಬೇಕಿಲ್ಲ.

ಕರೆಂಟು ಬಂದೊಡನೆ ಹಾವನ್ನು ಸುಡುವ ದೀಪದ ಕೆಳಗೆ ಹಾಕಬೇಡಿ. ನಿಧಾನವಾಗಿ, ಗಂಟೆಗಳ ಅವಧಿಯಲ್ಲಿ ಬೆಚ್ಚಗಾಗಲಿ. ಕೆಲವು ದಿನ ಆಹಾರವೂ ಬೇಡ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಕಂಡರೆ ಅದು ಶ್ವಾಸಕೋಶದ ಸೋಂಕಿರಬಹುದು, ಸರೀಸೃಪಗಳನ್ನು ಬಲ್ಲ ವೈದ್ಯರಲ್ಲಿಗೆ ಕೊಂಡೊಯ್ಯಿರಿ. ಅವರ ದೂರವಾಣಿ ಸಂಖ್ಯೆಯನ್ನು ಇಂದೇ ಬರೆದಿಟ್ಟುಕೊಳ್ಳಿ, ಕಾಗದದ ಮೇಲೆ. ಮೊಬೈಲಿಗೂ ಕರೆಂಟು ಬೇಕು.