ಸವೆತದ ಲೆಕ್ಕ ಯಾವ ಖಾತೆಯಲ್ಲಿ?

ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಅಕ್ಕಿ ಗಿರಣಿಗಳ ಲೆಕ್ಕಪತ್ರಗಳಲ್ಲಿ ವಿದ್ಯುತ್ ವೆಚ್ಚ ಒಂದು ಖಾತೆಯಲ್ಲಿ, ದುರಸ್ತಿ ವೆಚ್ಚ ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಹೆಚ್ಚಿಸುವ ಘರ್ಷಣೆ ಯಾವ ಖಾತೆಯಲ್ಲೂ ಕಾಣದು. ಲೆಕ್ಕ ಪರಿಶೋಧಕರಾದ ನಾವೂ ಅದನ್ನು ಕೇಳುವುದಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಘರ್ಷಣೆ, ಸವೆತಗಳನ್ನು ಹತೋಟಿಗೆ ತಂದರೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿದೀತೆಂದು 1966ರಲ್ಲೇ ಬ್ರಿಟನ್ನಿನ ಜೋಸ್ಟ್ ವರದಿ ಅಂದಾಜಿಸಿತ್ತು. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಘರ್ಷಣೆಯನ್ನು ಮೀರುವುದಕ್ಕೇ ವ್ಯಯವಾಗುತ್ತದೆಂದು ಹೋಮ್‌ಬರ್ಗ್ ಮತ್ತು ಎರ್ಡೆಮಿರ್ 2017ರಲ್ಲಿ ಲೆಕ್ಕಹಾಕಿದರು.

ಆದರೆ ಈ ಸರಾಸರಿಗಳಲ್ಲಿ ನಮ್ಮ ಗಿರಣಿಗೆ ಬೇಕಾದ ಉತ್ತರವಿಲ್ಲ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳ. ಅದರ ಧೂಳು ಬೇರಿಂಗಿನ ಗ್ರೀಸಿಗೆ ಬೆರೆತರೆ ಉಜ್ಜುವ ಪುಡಿಯೇ ಆಗುತ್ತದೆ. ಹಾಗೆಂದು ಗ್ರೀಸನ್ನು ಅತಿಯಾಗಿ ತುಂಬಿದರೂ ಬೇರಿಂಗ್ ಕಾಯುತ್ತದೆ, ವಿದ್ಯುತ್ತೂ ಹೆಚ್ಚು ಬೇಕಾಗುತ್ತದೆ. ಇಂಥ ಧೂಳಿಗೆ ಯಾವ ಸೀಲು, ಯಾವ ಗ್ರೀಸು, ಎಷ್ಟು ದಿನಕ್ಕೊಮ್ಮೆ? ಇದನ್ನು ಹೆಚ್ಚಾಗಿ ರೂಢಿಯೇ ನಿರ್ಧರಿಸುತ್ತದೆ. ಸಂಶೋಧನೆ ಬೇಕಿರುವುದು ಇಲ್ಲಿ.

ನಗರದಲ್ಲೇ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ಬೆಂಗಳೂರಿನಲ್ಲಿ ಸಿಎಂಟಿಐ ಇದೆ. ಪ್ರಶ್ನೆಯನ್ನು ಒಯ್ಯಬೇಕಾದವರು ನಾವು. ಸಂಶೋಧನೆಗೆ ದೊರೆಯುತ್ತಿದ್ದ ಹೆಚ್ಚುವರಿ ತೆರಿಗೆ ಕಡಿತವು 2020-21ನೇ ಆರ್ಥಿಕ ವರ್ಷದಿಂದ ಶೇ. 100ಕ್ಕೆ ಇಳಿದಿರುವುದರಿಂದ ಒಬ್ಬೊಬ್ಬರೇ ವೆಚ್ಚ ಹೊರುವುದು ಕಠಿಣ. ಹತ್ತು ಗಿರಣಿಗಳು ಹಂಚಿಕೊಂಡರೆ ಭಾರವೆನಿಸದು. ಕ್ವಿಂಟಲ್ ಭತ್ತಕ್ಕೆ ತಗಲಿದ ಯೂನಿಟ್ಟು, ಬದಲಿಸಿದ ಬೇರಿಂಗು, ಗಿರಣಿ ನಿಂತ ಗಂಟೆ ಇವಿಷ್ಟನ್ನು ಒಂದೇ ಪುಟದಲ್ಲಿ ಬರೆದಿಡಲಿ. ಮುಂದಿನ ಹಂಗಾಮಿನ ಭತ್ತ ಬರುವುದರೊಳಗೆ ಮುಖ್ಯ ಮೋಟಾರಿಗೆ ಪ್ರತ್ಯೇಕ ಮೀಟರು ಅಳವಡಿಸಿದರೆ ಕೆಲಸ ಆರಂಭಿಸಬಹುದು.